ಅಡ್ಡಹೆಸರು

"ನನ್ನ ಆಕ್ಷೇಪ ಇದೆ" ಎಂದು ಅವಳು ಮೈಕಿನ ಗುಂಡಿ ಒತ್ತಿದಾಗ, ಮುಖ್ಯಸ್ಥರು ಆಗಲೇ ತಮ್ಮ ನಿವೃತ್ತಿಯ ಬೀಳ್ಕೊಡುಗೆ ಮಾತಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸಭಾಂಗಣದ ತಲೆಗಳೆಲ್ಲ ಇತ್ತ ಹೊರಳಿದವು.

ಸರ್ಕಾರಗಳು ಜನರ ಹೆಸರನ್ನು ಕಂಪ್ಯೂಟರಿನಲ್ಲಿ ಹೇಗೆ ದಾಖಲಿಸಬೇಕು ಎಂಬ ಮಾನದಂಡವನ್ನು ಹತ್ತಾರು ದೇಶಗಳಿಗೆ ಬರೆದುಕೊಡುವ ಸಮಿತಿ ಅದು. ಒಂದೇ ಒಂದು ದೇಶ ಅಡ್ಡಗಾಲು ಹಾಕಿದರೂ ಕರಡು ವರ್ಷಗಟ್ಟಲೆ ಮೂಲೆ ಸೇರುತ್ತಿತ್ತು.

ಹಳೆಯ ಮಾನದಂಡ ಬರೆದವರೂ ಈ ಮುಖ್ಯಸ್ಥರೇ. ಅದರಲ್ಲಿ ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಜಾಗ ಖಾಲಿ ಬಿಡುವಂತಿರಲಿಲ್ಲ. ಅವಳ ಅಕ್ಕನಿಗೆ ಇದ್ದದ್ದು ಒಂದೇ ಹೆಸರು. ಆಸ್ಪತ್ರೆಯ ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ಅಲೆದಾಡಿ ಸರಿಪಡಿಸುವ ಹೊತ್ತಿಗೆ ಅಕ್ಕನ ಕ್ಯಾನ್ಸರ್ ಗಡ್ಡೆ ಕೈಮೀರಿತ್ತು. ಅಕ್ಕ ಹೋದ ಮೇಲೆ ಅವಳು ಸಮಿತಿಗೆ ಬರೆದಳು. "ಅಪರೂಪದ ಪ್ರಕರಣ, ಪರಿಗಣಿಸಬೇಕಿಲ್ಲ" ಎಂದು ಈ ಮುಖ್ಯಸ್ಥರಿಂದಲೇ ಉತ್ತರ ಬಂತು. ಅಂದಿನಿಂದ ಹಲ್ಲು ಕಚ್ಚಿ ಓದಿ, ಮೇಲಿನವರ ಕಾಲು ಹಿಡಿದು, ದೇಶದ ಪ್ರತಿನಿಧಿಯಾಗಿ ಇದೇ ಮೇಜಿಗೆ ಬಂದು ಕೂತಿದ್ದಳು.

ಹೊಸ ಕರಡಿನಲ್ಲಿ ಆ ತಪ್ಪನ್ನು ತಿದ್ದಲಾಗಿತ್ತು. ಆದರೆ ಚಪ್ಪಾಳೆ ಮಾತ್ರ ಇವರಿಗೆ!

"ಯಾವುದಕ್ಕಮ್ಮಾ ಆಕ್ಷೇಪ?" ಮುಖ್ಯಸ್ಥರು ಕೇಳಿದರು.

"ಪದಗಳ ವಿವರಣೆ ಅಸ್ಪಷ್ಟವಾಗಿದೆ."

"ಅದನ್ನ ಆಮೇಲೆ ತಿದ್ಕೋಬಹುದಲ್ಲ. ಇದು ನನ್ನದೇ ಹಳೇ ತಪ್ಪು. ಕೈಯಾರೆ ಸರಿಮಾಡಿ ಹೋಗ್ತೀನಿ, ಬಿಟ್ಕೊಡಿ." ಮುದುಕರ ದನಿ ನಡುಗಿತು.

ಆ ನಡುಕವನ್ನು ಅವಳು ಚಪ್ಪರಿಸುವಂತೆ ಕೇಳಿಸಿಕೊಂಡಳು. "ಅಪರೂಪದ ಪ್ರಕರಣ," ಎಂದಳು, ಒಂದೊಂದೇ ಪದ ಬಿಡಿಸಿ. "ಪರಿಗಣಿಸಬೇಕಿಲ್ಲ."

ಮುಖ್ಯಸ್ಥರು ಪಕ್ಕದವರತ್ತ ಬಾಗಿ, "ಏನಂದ್ರು? ಯಾವ ಪ್ರಕರಣ?" ಎಂದು ಕೇಳಿದರು. ಅವರಿಗೆ ನೆನಪೇ ಇರಲಿಲ್ಲ. ಅವಳು ಮತ್ತೆ ಮೈಕಿನತ್ತ ಬಾಗಿದಳು. "ಆಕ್ಷೇಪ ಹಿಂತೆಗೆದುಕೊಳ್ಳಲ್ಲ," ಎಂದು ಮೈಕ್ ಆರಿಸಿದಳು.

ಕರಡು ಬಿತ್ತು. ಜನ ಗುಸುಗುಸು ಎನ್ನುತ್ತ ಹೊರನಡೆದರು. ಮುಖ್ಯಸ್ಥರು ಯಾರ ಕೈಯನ್ನೂ ಕುಲುಕದೆ ಕೋಟು ಹೆಗಲಿಗೆ ಹಾಕಿಕೊಂಡು ಹೋದರು.

ಫೋನು ಗುನುಗಿತು. ಅಕ್ಕನ ಮಗಳು.

"ಚಿಕ್ಕಮ್ಮಾ, ಪಾಸಾಯ್ತಾ? ಅಮ್ಮನ ಹಾಗೆ ನಂದೂ ಒಂದೇ ಹೆಸರಲ್ವಾ, ಕೆಲಸದ ಆರ್ಡರು ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ಇನ್ಮೇಲೆ ಸರಿಹೋಗುತ್ತೆ ಅಂದ್ರು."

"ಇಲ್ಲ ಪುಟ್ಟಿ. ಆಗ್ಲಿಲ್ಲ."

"ಅಯ್ಯೋ! ಯಾವ ಪುಣ್ಯಾತ್ಮ ಬೇಡ ಅಂದಿದ್ದು?"

ಸಿಬ್ಬಂದಿಯ ಹೆಂಗಸೊಬ್ಬಳು ಮೇಜಿನಿಂದ ಮೇಜಿಗೆ ಹೋಗಿ ಅನುವಾದ ಕೇಳುವ ಇಯರ್‌ಫೋನುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಆರಿಸಲು ಮರೆತ ಒಂದರಿಂದ ಅನುವಾದಕನ ಸಣ್ಣ ದನಿ, ಖಾಲಿ ಕುರ್ಚಿಗಳಿಗೆ, ಇನ್ನೂ ಏನೋ ಹೇಳುತ್ತಲೇ ಇತ್ತು.