ಬೆರಳಗಲದ ಕಾಗದ

ಸೂಚನಾಫಲಕದ ಗಾಜಿನ ಮೇಲೆ ಯಾರದೋ ಮೂಗಿನ ಗುರುತು, ಅದರ ಹಿಂದೆಯೇ ತನ್ನ ಹೆಸರು, ಮೂರನೆಯ ಸಾಲಿನಲ್ಲಿ — ಎಲ್ಲರೂ ಗುಬ್ಬಿ ಎಂದು ಕರೆಯುವ ಕುಳ್ಳಿಗೆ ನಂಬಿಕೆಯೇ ಬರಲಿಲ್ಲ, ಇನ್ನೊಮ್ಮೆ ಓದಿದಳು, ವರ್ಷವಿಡೀ ಈ ತಯಾರಿ ಶಾಲೆಯಲ್ಲಿ ಬೆವರು ಸುರಿಸಿದ್ದು ಇದಕ್ಕೇ ತಾನೆ, ಇನ್ನು ಸೇನಾ ಅಕಾಡೆಮಿಯ ಗೇಟು ತೆರೆದ ಹಾಗೇ, ದರ್ಜಿ ಅಪ್ಪ ಮೊನ್ನೆ ಫೋನಿನಲ್ಲಿ ಕೇಳಿದ್ದ, ಏನಮ್ಮಾ, ನಿನ್ನ ಯೂನಿಫಾರಂ ನಾನೇ ಹೊಲೀಬಹುದಾ, ಇಲ್ಲಪ್ಪಾ, ಅಲ್ಲೇ ಕೊಡ್ತಾರೆ, ಪಾಪ, ಎಷ್ಟು ಪೆಚ್ಚಾದ — ಆದರೂ ನಾನು ಹೇಗೆ ಪಾಸಾದೆ? ಓಟದಲ್ಲಿ ಎಲ್ಲರಿಗಿಂತ ಹಿಂದೆ, ಹಗ್ಗ ಹತ್ತುವುದು ಅಷ್ಟಕ್ಕಷ್ಟೆ, ಗಣಿತವಂತೂ ಪಕ್ಕದ ಮಂಚದ ಲೆಕ್ಕದಕ್ಕನ ಪುಣ್ಯ, ದಿನಾ ಅಲುಗಾಡಿಸಿ ಎಬ್ಬಿಸಿ, ಏಳೇ ಸೋಮಾರಿ, ತ್ರಿಕೋನ ನಿನಗೋಸ್ಕರ ಕಾಯ್ತಾ ಕೂರಲ್ಲ, ಎಂದು ತಲೆಗೆ ತುಂಬಿದವಳು, ಅಂಕದಲ್ಲಿ ಯಾವತ್ತೂ ಮೊದಲನೆಯವಳು — ಲೆಕ್ಕದಕ್ಕನ ಹೆಸರು ಪಟ್ಟಿಯಲ್ಲಿಲ್ಲ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಇಲ್ಲ.

ಚೀಟಿ. ಇದಕ್ಕೆಲ್ಲ ಆ ಚೀಟಿಯೇ ಕಾರಣವಿರಬೇಕು, ಕೊನೆಯ ದಿನ ಮೇಜರ್ ಮೇಡಂ ಹನ್ನೆರಡು ಮಂದಿಗೂ ಬೆರಳಗಲದ ಕಾಗದ ಹಂಚಿದ್ದರು, ಗುಂಡು ಹಾರೋ ಕಡೆ ನಿಮ್ಮ ಪಕ್ಕದಲ್ಲಿ ಯಾರಿರಬೇಕು, ಒಂದೇ ಹೆಸರು ಬರೀರಿ, ಯಾರ ಚೀಟಿಯಲ್ಲೂ ಹೆಸರು ಬರದವರು ಮನೆಗೆ, ಅಂಕ ಎಷ್ಟೇ ಇರಲಿ — ಗುಬ್ಬಿ ಪೆನ್ನು ಕಚ್ಚಿದ್ದಳು, ಲೆಕ್ಕದಕ್ಕನಿಗೇನು, ಹತ್ತು ಜನ ಹೇಗೂ ಬರೀತಾರೆ, ಯಾರಿಗೆ ಹೇಳಿಕೊಟ್ಟಿಲ್ಲ ಅವಳು, ಎಂದುಕೊಂಡು ಕಂಬ ಎನ್ನುವ ಉದ್ದನೆಯ ಹುಡುಗಿಯ ಹೆಸರು ಬರೆದುಬಿಟ್ಟಳು, ಮಡಚಿ ಡಬ್ಬಕ್ಕೆ ಹಾಕಿಯೂ ಆಯಿತು — ಉಳಿದವರೂ ಹೀಗೇ ಅಂದುಕೊಂಡರೇ? ಹನ್ನೊಂದು ತಲೆಯಲ್ಲೂ ಇದೇ ಲೆಕ್ಕವೇ? ಹಾಗಾದರೆ ನನ್ನನ್ನು ಬರೆದ ಮಹಾತಾಯಿ ಯಾರು, ಕಂಬವೇ? ಅವಳಿಗೆ ನನ್ನ ಹೆಸರೇ ನೆಟ್ಟಗೆ ಗೊತ್ತಿಲ್ಲ, ತಡೆಯಲಾರದೆ ಮೇಡಂ ಕೋಣೆಗೇ ನುಗ್ಗಿ ಕೇಳಿದ್ದಕ್ಕೆ, ಒಂದೇ ಒಂದು ಚೀಟಿ ಬಂದಿದೆ ನಿನಗೆ, ಅದು ಯಾರದು ಅಂತ ಹೇಳಲ್ಲ, ನಡಿ.

ಕೋಣೆಯಲ್ಲಿ ಲೆಕ್ಕದಕ್ಕ ಹಾಸಿಗೆ ಸುತ್ತುತ್ತಿದ್ದಾಳೆ, ಒಂದು ಮೊಣಕಾಲು ಅದರ ಮೇಲೆ ಊರಿ, ಹಗ್ಗದ ತುದಿ ಹಲ್ಲಿನಲ್ಲಿ, ಬಾರೇ, ಗಂಟು ಹಾಕೋಕೆ ಬೆರಳು ಕೊಡು, ಗುಬ್ಬಿ ಬೆರಳಿಟ್ಟಳು, ಗಂಟು ಬಿಗಿಯಿತು, ನೋವಾಯಿತು, ನಿನ್ನ ಹೆಸರು ಬರೆಯಲಿಲ್ಲ ಅಂತ ಹೇಳಿಬಿಡಲೇ, ಹೇಳಬೇಕಾದ್ದೇನು, ಅವಳಿಗೆ ಗೊತ್ತಾಗಿಯೇ ಇದೆಯಲ್ಲ — ಲೆಕ್ಕದಕ್ಕ ತಲೆಯೆತ್ತದೆ ಅಂದಳು, ನಾನು ನಿನ್ನ ಹೆಸರೇ ಬರೆದೆ ಕಣೇ, ನಿನ್ನನ್ನ ಬೇರೆ ಯಾರೂ ಬರೆಯಲ್ಲ ಅಂತ ಗೊತ್ತಿತ್ತು, ಬೆರಳು ತೆಗಿ — ಬೆರಳಗಲದ ಕಾಗದ, ಖಾಲಿ, ಬಿಳಿ, ಅದರ ಮೇಲೆ ಗುಬ್ಬಿ ಕಚ್ಚಿದ ಪೆನ್ನಿನ ಮೊನೆ ಇಳಿಯುತ್ತಿದೆ, ಇನ್ನೂ ಅಕ್ಷರ ಮೂಡಿಲ್ಲ, ಇನ್ನೂ ಮೂಡಿಲ್ಲ, ಮೂಡಿತು, ಕ —