ಕಬಾಸೊ ಹಂಚಿದ ಹಾಲು

ಗಣಿಯೂರು ಮುಫುಲಿರಾದ ನಮ್ಮ ಓಣಿಯಲ್ಲಿ ಕೆಮ್ಮು ಕೇಳಿಸದ ಮನೆಯಿಲ್ಲ. ಗಂಡಸರೆಲ್ಲ ಕಲ್ಲು ಪುಡಿ ಮಾಡುವ ಮಿಲ್ಲಿಗೆ ಹೋಗುವವರು. ಕೆಮ್ಮು ಎಂದರೆ ಕೋಳಿ ಕೂಗಿದಷ್ಟೇ ಸಹಜ ಎಂದುಕೊಂಡಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಪಕ್ಕದ ಮನೆಯ ಕಬಾಸೊ ಆ ಮಿಲ್ಲಿನ ಸುರಕ್ಷತಾ ಮೇಲ್ವಿಚಾರಕ. ಅದಕ್ಕೆಂದು ಅವನು ಏನೂ ಓದಿರಲಿಲ್ಲ. ಗಟ್ಟಿ ದನಿಯ ಹಿರಿಯ ಎಂದು ಮಾಲೀಕರು ಕೊರಳಿಗೊಂದು ವಿಷಲ್ ಹಾಕಿದ್ದರು, ಅಷ್ಟೇ. ಪಾಳಿ ಮುಗಿದಾಗ ಅವನೇ ಬಾಗಿಲಲ್ಲಿ ನಿಂತು ಹಾಲಿನ ಪೊಟ್ಟಣ ಹಂಚುತ್ತಿದ್ದ.

"ಕುಡೀರೋ, ಎದೇಲಿರೋ ಧೂಳೆಲ್ಲ ತೊಳೆದು ಹೋಗತ್ತೆ!"

ಎಲ್ಲರೂ ನಂಬಿ ಕುಡಿದರು. ನನ್ನ ತಮ್ಮನೂ ಕುಡಿದ.

ಕಬಾಸೊನ ಮಗಳು ಲೊಂಬೆಗೆ ಕಿಟ್ವೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆಯ ಪದವಿ. ಕಬಾಸೊ ಉರಿದುಬಿದ್ದ.

"ನನ್ನ ಕೆಲಸ ಕಲಿಯೋಕೆ ನಾಲ್ಕು ವರ್ಷನಾ? ವಿಷಲ್ ಊದೋದು, ಹಾಲು ಕೊಡೋದು. ಬಾ, ಸಂಜೆಯೊಳಗೆ ನಾನೇ ಕಲಿಸ್ತೀನಿ!" ಎಂದವನು ಕೆಮ್ಮುತ್ತ ಗೋಡೆ ಹಿಡಿದ.

ಆ ಹೊತ್ತಿಗೆ ಕ್ಲಿನಿಕ್ಕಿನ ನರ್ಸ್ ಚಿಸೆಂಗಾ ಹೋದ ವಾರ ತೆಗೆದ ಅವನ ಎಕ್ಸ್‌ರೇ ಹಿಡಿದು ಬಂದಳು.

"ಅಣ್ಣಾ, ಕುಡಿದ ಹಾಲು ಎಲ್ಲಿಗೆ ಹೋಗತ್ತೆ?"

"ಹೊಟ್ಟೆಗೆ. ಇನ್ನೆಲ್ಲಿಗೆ?"

"ಧೂಳು?"

ಚಿಸೆಂಗಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು.

"ಅದು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂರತ್ತೆ. ಹಾಲು ಆ ಕಡೆ ಸುಳಿಯೋದೂ ಇಲ್ಲ. ಸುಳ್ಳು ಹೇಳಲ್ಲ ಅಣ್ಣಾ, ನಿಮ್ಮ ಕಾಯಿಲೆ ವಾಸಿ ಆಗೋದಲ್ಲ."

ಒಲೆಯ ಮೇಲೆ ನ್ಶಿಮಾ ಮುದ್ದೆ ತಿರುವುತ್ತಿದ್ದ ಅವನ ಹೆಂಡತಿಯ ಕೈ ನಿಂತಿತು. ತಳ ಹತ್ತಿದ ವಾಸನೆ ಬಂದರೂ ಯಾರೂ ಏಳಲಿಲ್ಲ.

"ನಾನು ಹಾಲು ಕೊಟ್ಟ ಹುಡುಗ್ರು?"

"ಅವರನ್ನೂ ಪರೀಕ್ಷೆ ಮಾಡಿಸ್ಬೇಕು."

"ಓದಿದೋರು ಇದ್ದಿದ್ರೆ ಏನು ಕಡಿದು ಹಾಕ್ತಿದ್ರು?" ಅವನ ದನಿಯಲ್ಲಿ ಇನ್ನೂ ಸ್ವಲ್ಪ ಜಗಳವಿತ್ತು.

"ಕಲ್ಲಿಗೆ ನೀರು ಹೊಡೆಸಿ ಧೂಳೇ ಏಳದ ಹಾಗೆ ನೋಡ್ತಿದ್ರು. ಎದ್ದದ್ದನ್ನ ಅಲ್ಲೇ ಯಂತ್ರದಿಂದ ಹೀರಿಸ್ತಿದ್ರು. ಗಾಳೀಲಿ ಎಷ್ಟು ಧೂಳಿದೆ ಅಂತ ಅಳೆದು, ಅಪಾಯ ಅಂದ್ರೆ ಮಿಲ್ಲು ನಿಲ್ಲಿಸಿ ಅಂತ ಮಾಲೀಕರಿಗೇ ಹೇಳ್ತಿದ್ರು. ಅದಕ್ಕೇ ನಾಲ್ಕು ವರ್ಷ."

ಕಬಾಸೊ ಕೊರಳಿನ ವಿಷಲ್ ತೆಗೆದು ಕೆಳಗಿಟ್ಟ. ಆಮೇಲೆ ಮಗಳನ್ನು ಕರೆದ. "ಹೋಗಮ್ಮ. ಸರಿಯಾಗಿ ಕಲ್ತು ಬಾ. ನಿಮ್ಮಪ್ಪ ಗೊತ್ತಿಲ್ದೆ ಹಂಚ್ದ ಅಂತ ಆ ಹುಡುಗ್ರಿಗೆ ಹೇಳು."

ಲೊಂಬೆ ಮೊದಲ ಸಲ ಊರಿಗೆ ಬಂದದ್ದು ಅಪ್ಪನ ಮಣ್ಣಿಗೆ. ಅಂಗಳದಲ್ಲಿ ಬೆಂಕಿಯ ಸುತ್ತ ಗಂಡಸರು ಕೂತಿದ್ದರು. ಅವರ ನಡುವೆ ನನ್ನ ತಮ್ಮ ಕೆಮ್ಮುತ್ತಿದ್ದ. ಅವಳು ಕಣ್ಣೊರೆಸಿಕೊಂಡು ನೇರ ಅವನ ಬಳಿ ಹೋದಳು.

"ಮಾವಾ, ನಾಳೆ ನನ್ನ ಜೊತೆ ಕ್ಲಿನಿಕ್ಕಿಗೆ ಬನ್ನಿ."



ಇದನ್ನು ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವು ದುಡಿಯುವ ಕಡೆ ಸುರಕ್ಷತೆ ನೋಡಿಕೊಳ್ಳುವವರು ಅದಕ್ಕಾಗಿ ಓದಿ, ತರಬೇತಿ ಪಡೆದವರೇ? ಇಂದೇ ಕೇಳಿ. ಮಕ್ಕಳು ಈ ಓದಿಗೆ ಹೊರಟರೆ ಅಡ್ಡ ನಿಲ್ಲಬೇಡಿ. ಕೆಮ್ಮಿದ್ದರೆ ತಡಮಾಡದೆ ತೋರಿಸಿ. ಹಾಲು ಬೇಕಾದರೆ ಕುಡಿಯಿರಿ, ಹೊಟ್ಟೆಗೆ ಒಳ್ಳೆಯದು. ಕಬಾಸೊನೂ ದಿನಾ ಕುಡಿಯುತ್ತಿದ್ದ.