ಸೀಸ ಕರಗಿಸಿದ ಬಾಣಲೆ

ಅಮೆರಿಕದ ಕೆಂಟಕಿಯ ಬೆಟ್ಟದೂರಿನ ಮುದುಕ ಡೆನ್ವರ್‌ಗೆ ತನ್ನ ಹಳೆಯ ಮದ್ದು ತುಂಬುವ ಕೋವಿಯೆಂದರೆ ಪ್ರಾಣ. ಅಂಗಡಿಯ ಗುಂಡನ್ನು ಅವನು ಮುಟ್ಟುವವನಲ್ಲ. ಜಿಂಕೆ ಬೇಟೆಯ ಕಾಲ ಬಂತೆಂದರೆ ಅಡುಗೆಮನೆಯ ಕಬ್ಬಿಣದ ಬಾಣಲೆಯಲ್ಲಿ ಸೀಸ ಕರಗಿಸಿ, ಅಜ್ಜನ ಅಚ್ಚಿಗೆ ಸುರಿದು ತಾನೇ ಗುಂಡು ಎರೆಯಬೇಕು. ಆಮೇಲೆ ಆ ಬಾಣಲೆಯನ್ನು ಕೆಂಡದಲ್ಲಿ ಕಾಯಿಸಿ ಹಂದಿಕೊಬ್ಬು ಸವರಿದರೆ ಶುದ್ಧವಾಯಿತೆಂದು ಅವನ ಲೆಕ್ಕ. ಹೆಂಡತಿ ಓಮಾ ಅದರಲ್ಲೇ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು.

ಅವರ ಮನೆಯಲ್ಲೇ ಬೆಳೆಯುತ್ತಿದ್ದ ಮೊಮ್ಮಗಳು ಡೆಲ್ಲಾಗೆ ಎರಡೂವರೆ ವರ್ಷ. ಮಗು ಊಟ ಬಿಟ್ಟಿತು, ಹೊಟ್ಟೆನೋವೆಂದು ಅಳತೊಡಗಿತು, ಕಲಿತ ನಾಲ್ಕು ಮಾತೂ ನಿಂತುಹೋದವು. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸೀಸ. ಆರೋಗ್ಯ ಕೇಂದ್ರದ ನರ್ಸ್ ರೋವೀನಾ, ಡೆನ್ವರ್‌ನ ಸ್ವಂತ ಅಕ್ಕನ ಮಗಳು, ಸೀಸ ಎಲ್ಲಿಂದ ಬಂತೆಂದು ಮನೆ ನೋಡಲು ಬಂದಳು. ಒಲೆಯ ಪಕ್ಕ ಸೀಸದ ಹನಿಗಳು ಮಿರಮಿರ ಮಿಂಚುತ್ತಿದ್ದವು.

"ರೊಟ್ಟಿ ಬಾಣಲೇಲೇ ಸೀಸ ಕರಗಿಸ್ತೀಯಾ ಮಾವ?"

"ನಮ್ಮಜ್ಜ ಇದರಲ್ಲೇ ಕರಗಿಸಿ, ಇದರಲ್ಲೇ ತಿಂದು ತೊಂಬತ್ತು ವರ್ಷ ಬಾಳಿದ. ನಾಲ್ಕಕ್ಷರ ಓದ್ದೆ ಅಂತ ನಂಗೆ ಬೇಟೆ ಹೇಳಿಕೊಡೋಕೆ ಬರಬೇಡ."

"ಬೇಟೆ ಬಿಡು ಅಂತ ಯಾರಂದ್ರು? ನೀ ಕೊಟ್ಟ ಜಿಂಕೆ ಮಾಂಸ ತಿಂದೇ ಬೆಳೆದೋಳು ನಾನು. ಕೆಂಡಕ್ಕೆ ಹಾಕಿದ್ರೆ ಜಿಡ್ಡು ಸುಡುತ್ತೆ ಮಾವ, ಸೀಸ ಸುಟ್ಟು ಹೋಗಲ್ಲ. ಅದರ ಹೊಗೆ, ಪುಡಿ ನಿನ್ನ ಅಂಗಿ ಮೇಲೂ ಕೂರುತ್ತೆ. ಅದೇ ಅಂಗೀಲಿ ಮಗೂನ ಎತ್ಕೋತೀಯ."

ಡೆನ್ವರ್ ಮುಖ ಗಂಟಿಕ್ಕಿಕೊಂಡ. ಓಮಾ ಬಾಣಲೆ ತಂದು ಅವನ ಕೈಗಿಟ್ಟಳು.

"ಇವತ್ತು ಡೆಲ್ಲಾಗೆ ಇದರಲ್ಲೇ ರೊಟ್ಟಿ ಮಾಡ್ಲಾ? ನೀನೇ ಹೇಳು."

ಅವನು ಎದ್ದು ಬಾಣಲೆಯನ್ನು ಹೊರಗೆ ಒಯ್ದಿಟ್ಟು ಬಂದ.

ಆ ಬಾಣಲೆ ಮತ್ತೆ ಅಡುಗೆಮನೆಗೆ ಬರಲಿಲ್ಲ. ರೋವೀನಾ ಟೊಂಕ ಕಟ್ಟಿ ನಿಂತು ಒದ್ದೆ ಬಟ್ಟೆಯಿಂದ ಮನೆಯೆಲ್ಲ ಒರೆಸಿದಳು. ಎರಕದ ಕೆಲಸ ಮನೆಯಿಂದ ದೂರದ ಬಯಲಿಗೆ ಹೋಯಿತು. ಅದಕ್ಕೇ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಅಂಗಿ. ಮುಗಿದ ಮೇಲೆ ಸ್ನಾನ ಮಾಡದೆ ಡೆನ್ವರ್ ಮಗುವನ್ನು ಮುಟ್ಟುತ್ತಿರಲಿಲ್ಲ. ವೈದ್ಯರು ಹೇಳಿದಾಗಲೆಲ್ಲ ಡೆಲ್ಲಾಳ ರಕ್ತ ಪರೀಕ್ಷೆ ಮಾಡಿಸಿದರು. ಸೀಸ ಮೆಲ್ಲಮೆಲ್ಲಗೆ ಇಳಿಯಿತು.

ವಸಂತದ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತರು. ದೇವರಿಗೆ ವಂದಿಸುವ ಹೊತ್ತಿನಲ್ಲಿ ಗುಣುಗುಣು ಅಂದು ಮುಗಿಸುವ ಡೆನ್ವರ್ ಆ ದಿನ ಗಟ್ಟಿಯಾಗಿ, "ನನ್ನ ಅಕ್ಕನ ಹೊಟ್ಟೇಲಿ ರೋವೀನಾ ಹುಟ್ಟಿದಳಲ್ಲ, ಅದಕ್ಕೆ ನಿನ್ನ ಋಣ ತೀರಿಸಲಾರೆ ದೇವರೇ," ಎಂದ. ರೋವೀನಾಳ ಕಣ್ಣು ತುಂಬಿತು. ಡೆಲ್ಲಾ ಹೊಸ ಬಾಣಲೆಯ ಕಡೆ ಕೈ ಚಾಚಿ ಹೇಳಿದಳು: "ತಾತಾ, ರೊಟ್ಟಿ."

ಕೋವಿಯ ಗುಂಡಿರಲಿ, ಮೀನುಬಲೆಗೆ ಕಟ್ಟುವ ಭಾರವಿರಲಿ, ಸೀಸ ಕರಗಿಸುವ ಕೆಲಸ ಅಡುಗೆಮನೆಗೆ ಬೇಡ. ನಿಮ್ಮಲ್ಲೂ ಆ ಕೆಲಸ ನಡೆದಿದ್ದರೆ ಮಕ್ಕಳ ರಕ್ತವನ್ನು ಈ ವಾರವೇ ಪರೀಕ್ಷೆ ಮಾಡಿಸಿ. ನಿಮ್ಮ ಮಗುವೂ ಬಾಯ್ತುಂಬ ರೊಟ್ಟಿ ಕೇಳಲಿ.